ಬಾಸಿಂಗಿಯ ನೂರು ಬಿಳಿಕಣ

ನಮ್ಮ ಯೋಜನೆಯ ಮೇಡಂ ಎಲ್ಲಿ ತರಬೇತಿ ಕೊಡಲು ಹೋದರೂ ಒಂದು ಕಥೆ ಹೇಳುತ್ತಾರೆ. ಸಗರ ಎಂಬ ಊರಿನ ಒಬ್ಬ ಮುದುಕಿಯ ಕುರಿಯನ್ನು ಕಟುಕರಿಗೆ ಮಾರಲು ಹೊರಟಿದ್ದರಂತೆ. ಒಬ್ಬ ಹುಡುಗಿ ಮೈಕ್ರೋಸ್ಕೋಪಿನಲ್ಲಿ ಅದರ ರಕ್ತ ನೋಡಿ, ಇದು ಹುಳವನ್ನು ಎದುರಿಸಬಲ್ಲ ಕುರಿ, ಮಾರಬೇಡಿ ಅಂದಳಂತೆ. ಕುರಿ ಉಳಿಯಿತಂತೆ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ.

ಆ ಹುಡುಗಿ ನಾನು. ನನಗೆ ಈ ಕಥೆಯ ಮೇಲೆ ತಕರಾರಿದೆ.

ಆ ಕುರಿಯನ್ನು ಮಾರಿ ಎಂದು ಬರೆದುಕೊಟ್ಟವಳೇ ನಾನು. ಸುಮ್ಮನೆ ಬರೆದದ್ದಲ್ಲ, ಮೈಕ್ರೋಸ್ಕೋಪ್ ನೋಡಿಯೇ ಬರೆದದ್ದು. ಈಗ ಮೈಕ್ರೋಸ್ಕೋಪು ಕುರಿಯನ್ನು ಉಳಿಸಿತು ಅಂದರೆ, ಗಾಡಿ ಗುದ್ದಿದವನೇ ದವಾಖಾನೆಗೆ ಸೇರಿಸಿದ ಅಂತ ಅವನಿಗೆ ಹಾರ ಹಾಕಿದಂತೆ. ಮೇಡಂಗೂ ಇದನ್ನೇ ಹೇಳಿದೆ. "ವಿವರ ಜಾಸ್ತಿಯಾದರೆ ಜನ ನಿದ್ದೆ ಮಾಡ್ತಾರಮ್ಮ" ಅಂದರು. ಮಾಡುವವರು ಮಾಡಲಿ. ನಾನು ವಿವರವನ್ನೇ ಹೇಳುತ್ತೇನೆ.

ಸಗರದ ಹೊರಗೆ, ಕಾಲುವೆಯ ಏರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಆಯಿಯ ಕುರಿದೊಡ್ಡಿ. ಊರಿಗೆಲ್ಲ ಆಕೆ ಆಯಿ. ಹಣೆಗೆ ಮೂರು ಬೆರಳು ವಿಭೂತಿ, ಸೊಂಟಕ್ಕೆ ಎಲೆಅಡಿಕೆಯ ಚೀಲ, ಬಾಯಿಗೆ ಬಿಡುವಿಲ್ಲ. ಅರವತ್ತು ಚಿಲ್ಲರೆ ಕೆಂಗುರಿಗಳು ಇದ್ದವು. ಕೊಳ್ಳುವುದು ಮಾರುವುದು ಮಗನ ಕೆಲಸ. ಉಳಿದದ್ದೆಲ್ಲ, ಎಂದರೆ ಕುರಿಗಳನ್ನು ಬದುಕಿಸುವುದು, ಆಯಿಯ ಕೆಲಸ.

ಹಿಂದೆ ಇಲ್ಲಿ ಒಣ ಮೇವು. ನಾರಾಯಣಪುರ ಅಣೆಕಟ್ಟಿನ ನೀರು ಕಾಲುವೆಗೆ ಬಂದ ಮೇಲೆ ಭತ್ತದ ಗದ್ದೆ, ಏರಿಯುದ್ದಕ್ಕೂ ಹಸಿರು. ಕುರಿಗೆ ಹಬ್ಬ, ಕುರಿಯ ಹೊಟ್ಟೆಯ ಹುಳಕ್ಕೂ ಹಬ್ಬ. ಹಿಕ್ಕೆಯ ಮೂಲಕ ನೆಲಕ್ಕೆ ಬಿದ್ದ ಮೊಟ್ಟೆ ಒಡೆದು, ಕಣ್ಣಿಗೆ ಕಾಣದ ಮರಿಹುಳ ಹಸಿ ಹುಲ್ಲಿನ ತುದಿಗೆ ಹತ್ತಿ ಕೂರುತ್ತದೆ. ಕುರಿ ಮೇಯುತ್ತದೆ. ನಾಲ್ಕನೇ ಹೊಟ್ಟೆ ಸೇರಿದ ಹುಳ ಅಲ್ಲಿ ಕಚ್ಚಿಕೊಂಡು ರಕ್ತ ಕುಡಿಯುತ್ತ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಬೆಳೆಯುತ್ತದೆ. ಕುರಿಯ ಕಣ್ಣರೆಪ್ಪೆಯ ಒಳಗು ಬಿಳುಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬಿದ ಚೀಲ ಇಳಿಬೀಳುತ್ತದೆ, ಆಮೇಲೊಂದು ಬೆಳಗ್ಗೆ ಎದ್ದೇಳುವುದಿಲ್ಲ. ಮಳೆಗಾಲ ಬಂತೆಂದರೆ ಎಲ್ಲ ಕುರಿಗೂ ಅದೇ ಔಷಧಿ ಕುಡಿಸಿ ಕುಡಿಸಿ, ಈಗ ಆ ಔಷಧಿ ಹುಳಕ್ಕೆ ಚಹಾ ಇದ್ದಂತೆ.

ಒಂದೇ ಹುಲ್ಲು ಮೇದರೂ ಕೆಲವು ಕುರಿ ಬಿಳುಚುವುದಿಲ್ಲ. ಅವುಗಳ ರಕ್ತದಲ್ಲಿ ಒಂದು ಬಗೆಯ ಬಿಳಿಕಣ, ಇಯೋಸಿನೋಫಿಲ್ ಅಂತ, ಹೆಚ್ಚಿರುತ್ತದೆ. ಅಂಥ ಕುರಿಗಳನ್ನು ಗುರುತಿಸಿ ಉಳಿಸಿಕೊಳ್ಳುವುದು, ಎದುರಿಸಲಾಗದವನ್ನು ಮಾರುವುದು. ಹೀಗೆ ಮಾಡುತ್ತ ಹೋದರೆ ಕೆಲವು ವರ್ಷದಲ್ಲಿ ದೊಡ್ಡಿಯೇ ಗಟ್ಟಿಯಾಗುತ್ತದೆ. ಇದು ನಮ್ಮ ಯೋಜನೆ.

ಮೂರು ವಾರಕ್ಕೊಮ್ಮೆ ಬೆಳ್ಳಂಬೆಳಗ್ಗೆ ಶಹಾಪುರದಿಂದ ಕಂಪೌಂಡರರ ಬೈಕಿನ ಹಿಂದೆ ಐಸ್ ಡಬ್ಬಿ ಹಿಡಿದು ಕೂತು ಹೋಗುತ್ತಿದ್ದೆ. ಕಂಪೌಂಡರ್ ಅಂದರೆ ದನದ ದವಾಖಾನೆಯಲ್ಲಿ ಇಪ್ಪತ್ತು ವರ್ಷ ಕೈ ಸವೆಸಿದ ಸುರಪುರದ ಮನುಷ್ಯ. ಯೋಜನೆಗೆ ಅವರನ್ನು ಎರವಲು ಕೊಟ್ಟಿದ್ದರು. ಅವರು ಹಿಂದಿನಿಂದ ಕೈ ಹಾಕಿ ಬಿಸಿ ಹಿಕ್ಕೆ ತೆಗೆದು ಚೀಲಕ್ಕೆ ಹಾಕಿ, ಆಮೇಲೆ ಕುತ್ತಿಗೆಯ ನರದಿಂದ ಒಂದಿಷ್ಟು ರಕ್ತ ಎಳೆಯುತ್ತಿದ್ದರು. ನಾನು ಕಿವಿಯ ನಂಬರು ಓದಿ, ಕಣ್ಣರೆಪ್ಪೆ ಬಗ್ಗಿಸಿ ಬಣ್ಣ ನೋಡಿ, ಫಾರ್ಮು ತುಂಬಿಸುತ್ತಿದ್ದೆ.

"ಡಾಕ್ಟ್ರಬಾಯಿ, ಹುಳಾ ಕುಡ್ದದ್ದ ಸಾಕಾಗಿಲ್ಲಂತ ನೀನೂ ಕುಡಿಯಾಕ ಬಂದೀಯೇನು?" ಆಯಿ ಮೊದಲ ದಿನವೇ ಕೇಳಿದ್ದಳು.

"ನಾ ಡಾಕ್ಟರ್ ಅಲ್ಲ ಆಯಿ."

"ಮತ್ತ ಸೂಜಿ ಯಾಕ ಚುಚ್ಚಸ್ತಿ?"

ಕಂಪೌಂಡರ್ ಸಮಾಧಾನ ಹೇಳಲು ಹೋದರು. "ಆಯಿ, ರಕ್ತದಾಗ ಪೊಲೀಸ್ರು ಇರ್ತಾರ. ಹುಳಾ ಬಂತಂದ್ರ ಲಾಠಿ ತಗೊಂಡ ಹೊಡಿತಾರ. ಎಷ್ಟ ಮಂದಿ ಪೊಲೀಸ್ರದಾರ ಅಂತ ಎಣಿಸಾಕ ಈ ಬಾಯಿ ಬಂದಾಳ."

ನನಗೆ ಸುಮ್ಮನಿರಲಾಗಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ ಅಂಟಿದ ರೋಗ ಅದು. "ಗಲತ್ ಹೇಳಬ್ಯಾಡ್ರಿ. ಹುಳದ ಮುಂದ ಕಣ ಅಂದ್ರ ಬಸವಣ್ಣನ ಮುಂದ ಇರಿವಿ ಇದ್ದಂಗ. ಹಿಡಿದು ತಿನ್ನಾಕ ಆಗ್ತದೇನು? ಅವು ಬರಾಬರಿ ಹೊಡೆದಾಡಂಗಿಲ್ಲ. ಹೊಸಾ ಮರಿಹುಳಕ್ಕ ಹೋಗಿ ಅಂಟಿಕೊಂತಾವ. ಹೊಟ್ಟಿ ಗ್ವಾಡಿ ಲೋಳಿ ಬಿಡ್ತದ, ಜಾರ್ತದ, ಕಚ್ಚಾಕ ಜಾಗಾ ಸಿಗಂಗಿಲ್ಲ. ಹುಳಾ ತಾನಾಗೇ ಹೊರಗ ಹೋಗಬೇಕು, ಹಂಗ ಮಾಡ್ತಾವ."

ಆಯಿ ಜಗಿದ ಎಲೆ ಉಗುಳಿದಳು. "ಸೊಸಿ ಬಂದ್ರ ಅತ್ತಿ ಮಾಡಿದಂಗ ಅನ್ನು. ಹೊಡಿಯಂಗಿಲ್ಲ, ಬಡಿಯಂಗಿಲ್ಲ. ಕುಂಡ್ರಾಕ ಜಾಗಾನೂ ಕೊಡಂಗಿಲ್ಲ."

"ನಿಮ್ಮತ್ತಿ ಹಂಗಿದ್ಲೇನ್ ಆಯಿ?" ಕಂಪೌಂಡರ್ ಕೇಳಿದರು.

"ನಮ್ಮತ್ತಿ ಹುಳಾನ ಇದ್ಲು ತಗೋ."

ಯಾವ ಪಠ್ಯಪುಸ್ತಕಕ್ಕಿಂತಲೂ ಸರಿಯಾಗಿ ವಿಷಯ ಹಿಡಿದಿದ್ದಳು. ಆ ದಿನದಿಂದ ನನಗೆ ಆಯಿ ಅಂದರೆ ಇಷ್ಟ. ಆಕೆಗೆ ನಾನು ಇಷ್ಟವೋ, ನನ್ನನ್ನು ರೇಗಿಸುವುದು ಇಷ್ಟವೋ, ಇವತ್ತಿಗೂ ಗೊತ್ತಿಲ್ಲ.

ಬಿಸಿಲೇರುವ ಮೊದಲೇ ನಾವು ಹೊರಡಬೇಕಿತ್ತು. ಹಿಕ್ಕೆ ಬಿಸಿಯಾದರೆ ಮೊಟ್ಟೆ ಒಡೆಯುತ್ತದೆ, ಲೆಕ್ಕ ಕೆಡುತ್ತದೆ. ಶಹಾಪುರದಲ್ಲಿ ನಮ್ಮದು ಎರಡು ಕೋಣೆಯ ಲ್ಯಾಬು. ಹಿಕ್ಕೆಯನ್ನು ತೂಗಿ ದಟ್ಟ ಉಪ್ಪುನೀರಲ್ಲಿ ಕದಡಿ, ಸೋಸಿ, ಗೆರೆ ಎಳೆದ ಗಾಜಿನ ಗೂಡಿಗೆ ತುಂಬಿದರೆ ಹುಳದ ಮೊಟ್ಟೆಗಳು ತೇಲಿ ಮೇಲೆ ಬರುತ್ತವೆ. ಅವನ್ನು ಎಣಿಸುವುದು. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ ಒಣಗಿಸಿ, ಸಾಲು ಹಿಡಿದು ನೂರು ಬಿಳಿಕಣ ಎಣಿಸುವುದು. ಇಯೋಸಿನೋಫಿಲ್ ಸಿಕ್ಕರೆ ಗುರುತು ತಪ್ಪುವುದಿಲ್ಲ. ಒಳಗೆಲ್ಲ ಕೆಂಪು ಕಾಳು ತುಂಬಿರುತ್ತದೆ.

ಹಾಲಿನ ವಿಷಯ ಇಲ್ಲಿ ಹೇಳಬೇಕು. ಈಯುವ ಹೊತ್ತಿನಲ್ಲಿ ಮತ್ತು ಮರಿಗೆ ಹಾಲೂಡುವಾಗ ಎಂಥ ಗಟ್ಟಿ ಕುರಿಯೂ ಸಡಿಲಾಗುತ್ತದೆ. ಮೈಯ ಬಲವೆಲ್ಲ ಹಾಲಿಗೆ ಹೋಗಿ, ಹುಳ ತಡೆಯುವ ಕಣಗಳ ಕೆಲಸ ಹಿಂದೆ ಬೀಳುತ್ತದೆ. ಹಾಲು ನಿಂತ ಎರಡು ಮೂರು ವಾರಕ್ಕೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಹಾಲುಣಿಸುವ ಕುರಿಯನ್ನೂ ಬತ್ತಿದ ಕುರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಎಂದು ಮೊದಲ ಸಭೆಯಲ್ಲೇ ವಾದಿಸಿ, ಎರಡು ಪಟ್ಟಿ ಮಾಡಿಸಿದವಳು ನಾನು. ಫಾರ್ಮು ನನ್ನದೇ. ಕಿವಿ ನಂಬರು, ವಯಸ್ಸು, ಈದ ದಿನ, ಮರಿ ಬದುಕಿದೆಯೇ ಸತ್ತಿದೆಯೇ. ಆ ಫಾರ್ಮಿನ ಬಗ್ಗೆ ನನಗೆ ಜಂಬವಿತ್ತು.

ಬಾಸಿಂಗಿ ಆಯಿಯ ಹಳೆಯ ಕುರಿ. ಕಂದು ಹಣೆಯ ಮೇಲೆ ಮದುಮಗಳ ಬಾಸಿಂಗದಂತೆ ಬಿಳಿ ಮಚ್ಚೆ, ಅದಕ್ಕೇ ಆ ಹೆಸರು. ಮಳೆ ಶುರುವಾದಾಗ ಈದಿತ್ತು. ಎಂಟನೇ ದಿನ ಮರಿ ಸತ್ತಿತ್ತು. ಮರಿ ಸತ್ತ ಮೇಲೆ ಹಾಲೇನು, ಬತ್ತಿದ ಕುರಿಗಳ ಪಟ್ಟಿಗೆ ಸೇರಿಸಿದೆ.

ಆ ಪಟ್ಟಿಯಲ್ಲಿ ಅದೇ ಎಲ್ಲಕ್ಕಿಂತ ಕೆಟ್ಟದ್ದು. ಉಳಿದ ಕುರಿಗಳ ನೂರು ಬಿಳಿಕಣದಲ್ಲಿ ಎಂಟೋ ಹತ್ತೋ ಹನ್ನೆರಡೋ ಇಯೋಸಿನೋಫಿಲ್ ಇದ್ದರೆ ಬಾಸಿಂಗಿಗೆ ಎರಡು. ಗಾಜಿನ ಗೂಡಿನಲ್ಲಿ ಮೊಟ್ಟೆಗಳು ಜೋಳ ಚೆಲ್ಲಿದಂತೆ. ಮೂರು ಸಲ ಹೊಸದಾಗಿ ಎಣಿಸಿದೆ. ಅದೇ ಪಟ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಎರಡು ಕುರಿಗಳು ಬಾಸಿಂಗಿಯ ಹೆಣ್ಣುಮಕ್ಕಳು. ನಾನು ಅಲ್ಲಿ ನಿಲ್ಲಬೇಕಿತ್ತು. ಎದುರು ಪಕ್ಷದವರು ಇಂಥದ್ದೊಂದು ಹೊಂದದ ಸಂಗತಿ ಬಿಟ್ಟುಕೊಟ್ಟಿದ್ದರೆ ಅದರ ಮೇಲೇ ಅವರ ವಾದ ಕೆಡವುತ್ತಿದ್ದೆ. ವಾದ ನನ್ನದಾದ್ದರಿಂದ, ಮಕ್ಕಳ ಗುಣ ತಂದೆ ಟಗರಿನದು ಎಂದು ಅಂಚಿನಲ್ಲಿ ಬರೆದು ಮುಂದೆ ಹೋದೆ.

ಮಾರಬೇಕಾದ ಮೂರು ಕುರಿಗಳ ಪಟ್ಟಿಯನ್ನು ದೊಡ್ಡಿಯ ಮುಂದೆ ನಿಂತು ಓದಿದೆ. ಮಗ ಮೊಬೈಲಿನಲ್ಲಿ ನಂಬರು ಬರೆದುಕೊಂಡ.

"ಬಾಸಿಂಗಿ?" ಅಂದಳು ಆಯಿ.

"ಹೌದು ಆಯಿ."

"ಬರೋಬ್ಬರಿ ನೋಡಿಯಿಲ್ಲ?"

"ಮೂರು ಸಲ ನೋಡೀನಿ."

"ಹಂಗಾದ್ರ ಆತು ಬಿಡು." ಎಲ್ಲದಕ್ಕೂ ಎದುರಾಡುವ ಹೆಂಗಸು ಅಷ್ಟಕ್ಕೇ ನಿಲ್ಲಿಸಿ, ಕಸಬರಿಗೆ ಹಿಡಿದು ದೊಡ್ಡಿ ಗುಡಿಸತೊಡಗಿದಳು. ನನ್ನ ಮಾತಿಗೆ ಆಯಿ ತಲೆಬಾಗಿದಳು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಬರುವ ವಾರ ಕೆಂಭಾವಿ ಸಂತೆಗೆ ಒಯ್ಯುವುದು ಎಂದು ಮಗ ಹೇಳಿದ.

ಆ ರಾತ್ರಿ ಶಹಾಪುರದಲ್ಲಿ ಗಾಳಿಮಳೆಗೆ ಕರೆಂಟು ಹೋಯಿತು. ಬೆಳಗ್ಗೆ ಲ್ಯಾಬಿನ ಫ್ರಿಜ್ ಬೆಚ್ಚಗಿತ್ತು. ಆ ದಿನವೇ ತಂದು ಇನ್ನೂ ಎಣಿಸದೆ ಉಳಿದಿದ್ದ ಹದಿನಾಲ್ಕು ಕುರಿಗಳ ಹಿಕ್ಕೆಯಲ್ಲಿ ಮೊಟ್ಟೆ ಒಡೆದು ಮರಿಹುಳ ಮಿಸುಕುತ್ತಿದ್ದವು. ಮತ್ತೆ ತರಬೇಕು. ಎರಡು ದಿನ ಬಿಟ್ಟು, ಕಂಪೌಂಡರರಿಗೆ ಬಿಡುವಾದದ್ದು ಮಧ್ಯಾಹ್ನದ ಮೇಲೆ. ಹೀಗಾಗಿ ಅಷ್ಟು ತಿಂಗಳಲ್ಲಿ ಮೊದಲ ಸಲ ನಾನು ಸಂಜೆ ಆಯಿಯ ದೊಡ್ಡಿಯಲ್ಲಿದ್ದೆ.

ಸಂಜೆ ಅಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಳೆಮರಿಗಳನ್ನು ಅವರು ಕುರಿಯ ಜೊತೆ ಮೇಯಲು ಬಿಡುವುದಿಲ್ಲ. ನಸುಕಿನಲ್ಲಿ ಹಾಲು ಕುಡಿಸಿ, ನಾವು ಬರುವ ಮೊದಲೇ ಊರೊಳಗಿನ ಮನೆಗೆ ಒಯ್ದು ಬಿದಿರು ಬುಟ್ಟಿಯಡಿ ಹಾಕಿರುತ್ತಾರೆ. ಕುರಿ ಮೇದು ಬಂದ ಮೇಲೆ ಮರಿಗಳನ್ನು ತಂದು ಒಮ್ಮೆಗೇ ಬಿಡುತ್ತಾರೆ. ಆ ಗದ್ದಲ ನೋಡಬೇಕು. ಇಪ್ಪತ್ತು ಮರಿ, ಇಪ್ಪತ್ತು ತಾಯಿ, ಎಲ್ಲರೂ ಒಟ್ಟಿಗೆ ಅರಚುತ್ತಾರೆ, ಒಬ್ಬರೂ ತಪ್ಪುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಪ್ರತಿ ಬಾಲವೂ ಒಂದೊಂದು ಕೆಚ್ಚಲಿನ ಕೆಳಗೆ ಅಲ್ಲಾಡುತ್ತಿರುತ್ತದೆ.

ಬಾಸಿಂಗಿಯ ಕೆಳಗೆ ಎರಡು ಬಾಲ ಅಲ್ಲಾಡುತ್ತಿದ್ದವು.

"ಆಯಿ, ಇಕಿ ಮರಿ ಸತ್ತದ ಅಂದಿದ್ದಿ?"

"ಹೌದು, ಸತ್ತದ."

"ಮತ್ತ ಇವು?"

"ಇವು ಆಕಿ ಹಡೆದವಲ್ಲ. ಒಂದರ ತಾಯಿಗಿ ಹಾವು ಕಡೀತು. ಇನ್ನೊಂದರ ತಾಯಿ ಒದಿತಾಳ, ಹತ್ರ ಬಿಟ್ಕೊಳ್ಳಂಗಿಲ್ಲ. ಬ್ಯಾರೆ ಕುರಿಗಾದ್ರ ಮರಿ ಮೈಗಿ ಉಪ್ಪ ಸವರಿ ನೆಕ್ಕಸ್ಬೇಕು, ಕಾಲ ಹಿಡದ ನಿಲ್ಲಸ್ಬೇಕು. ಇಕಿಗಿ ಉಪ್ಪೂ ಬ್ಯಾಡ, ಏನೂ ಬ್ಯಾಡ. ಯಾರ ಬಂದ್ರೂ ಬಾ ಅಂತಾಳ. ವರ್ಷ ವರ್ಷಾ ಹಿಂಗ."

"ಅವತ್ತ ಯಾಕ ಹೇಳ್ಳಿಲ್ಲ?"

"ಹಡೆದ ಮರಿ ಬದುಕ್ಯದೇನು ಅಂತ ಕೇಳಿದಿ. ಇಲ್ಲಂದೆ. ಸುಳ್ಳ ಹೇಳೀನೇನು?"

ನಾನು ಕಂಪೌಂಡರರ ಕಡೆ ತಿರುಗಿದೆ. ಮೂರು ವಾರಕ್ಕೊಮ್ಮೆ ಬಾಸಿಂಗಿಯ ಹಿಂದೆ ಕೂತು ಹಿಕ್ಕೆ ತೆಗೆದ ಮನುಷ್ಯ. "ನೀವು ಕೆಚ್ಚಲ ನೋಡಿರ್ಲಿಲ್ಲೇನ್ರಿ?"

"ನೋಡೀನ್ರಿ. ಹಾಲಿನ ಕೆಚ್ಚಲಾನ ಇತ್ತು." ಅವರು ಕೈಗವಸು ಕಳಚುತ್ತ ನಿಧಾನವಾಗಿ ಹೇಳಿದರು. "ನಿಮ್ಮ ಫಾರ್ಮಿನ್ಯಾಗ ಕೆಚ್ಚಲದ ಕಾಲಂ ಇರ್ಲಿಲ್ಲಲ್ರಿ ಬಾಯಿ."

ನಗಬೇಕೆನಿಸಿತು. ಆಗಲಿಲ್ಲ. ಸಂತೆಗೆ ಮೂರು ದಿನ ಉಳಿದಿತ್ತು.

ಮೇಡಂಗೆ ಅಲ್ಲಿಂದಲೇ ಫೋನ್ ಮಾಡಿದೆ. ಎಲ್ಲ ಕೇಳಿದ ಮೇಲೆ ಅವರು ಹೇಳಿದ್ದು: "ನೀನೇ ಅಲ್ವಾ ಹೇಳಿದ್ದು, ಒಂದು ಕುರಿಗೆ ವಿನಾಯಿತಿ ಕೊಟ್ಟರೆ ಇಡೀ ಪಟ್ಟಿ ಸುಳ್ಳಾಗತ್ತೆ ಅಂತ?"

"ಇದು ವಿನಾಯಿತಿ ಅಲ್ಲ ಮೇಡಂ. ನಾನೇ ತಪ್ಪು ಪಟ್ಟಿಗೆ ಸೇರಿಸಿದೀನಿ."

"ಸರಿ, ಹಾಲಿನ ಪಟ್ಟಿಗೆ ಹಾಕು. ಅಲ್ಲಿ ಹೇಗಿದೆ?"

ಅಲ್ಲಿಯೂ ಎಲ್ಲಕ್ಕಿಂತ ಕೆಟ್ಟದ್ದೇ. ಆ ಪಟ್ಟಿಯ ಕುರಿಗಳಿಗೆ ಒಂದೊಂದೇ ಮರಿ, ಇದಕ್ಕೆ ಎರಡು.

"ಹಾಗಾದರೆ ಎರಡು ಮರಿಯ ಹಾಲಿನಿಂದ ಕಣ ಇಳಿದಿದೆಯೋ, ಹುಟ್ಟಿನಿಂದಲೇ ಅಷ್ಟೋ, ನಿನಗೆ ಗೊತ್ತಿಲ್ಲ."

ಗೊತ್ತಿರಲಿಲ್ಲ. ಸರಿಯಾದ ಪ್ರಶ್ನೆ. ಬೇರೆಯವರು ಕೇಳಿದಾಗ ಸರಿಯಾದ ಪ್ರಶ್ನೆ ಎಷ್ಟು ಸಿಟ್ಟು ತರಿಸುತ್ತದೆ ಎಂದು ಅವತ್ತು ತಿಳಿಯಿತು.

ಆಯಿಯ ಮಗ ಇನ್ನೂ ನೇರ. "ಮೊನ್ನಿ ಮಾರ್ರಿ ಅಂದ್ರಿ. ಇವತ್ತ ಇಡ್ರಿ ಅಂತೀರಿ. ನಾಳಿ ಏನ್ ಅಂತೀರೋ ಯಾರಿಗಿ ಮಾಲೂಮ? ಹೋದ ಮಳಿಗಾಲ್ದಾಗ ಗದ್ದ ಬಾತು ಸತ್ತ ಕುರಿ ಹೊತ್ತು ಹಾಕಿದಾವ ನಾನು, ನೀವಲ್ಲ. ಇಕಿ ಸಾಯೂದು ಖರೇ ಇದ್ರ ಇವತ್ತ ಹೋಗೂದ ಚೊಲೊ."

"ಒಂದು ತಿಂಗಳು ಕೊಡ್ರಿ. ಮರಿ ಬಿಡಿಸಿ, ಹಾಲು ಬತ್ತಿಸಿ, ಮತ್ತ ಎಣಿಸ್ತೀನಿ. ಕಣ ಏರಲಿಲ್ಲಂದ್ರ ನಾನ ಮುಂದ ನಿಂತು ಕೆಂಭಾವಿಗೆ ಕಳಸ್ತೀನಿ."

ಅವನು ಒಪ್ಪಿದ. ಒಪ್ಪದಿದ್ದವಳು ಆಯಿ.

"ಹಾಲಿದ್ದ ಮೊಲಿ ಬಿಡಿಸಿ ಬಾಟ್ಲಿ ಹಿಡಸ್ತೀಯಾ? ನೀ ಕಣಾ ಎಣಿಸಾಕ ಈ ಕೂಸುಗೋಳು ಬಾಯಿ ಬಿಡಬೇಕಾ?"

"ಬಿಡಿಸದಿದ್ರ ಬಾಸಿಂಗಿ ಸಂತಿಗೆ ಹೋಗ್ತಾಳ. ಅವಾಗ ಇವಕ್ಕ ಯಾವ ಮೊಲಿ ಅದ ಆಯಿ?"

ಆಯಿ ಎರಡೂ ಮರಿಯನ್ನು ಬಾಸಿಂಗಿಯಿಂದ ಬಿಡಿಸಿ ನನ್ನ ಮುಂದೆ ತಂದು ಬಿಟ್ಟಳು. ಎರಡೇ ಬಾಗಿಲು ಇಟ್ಟು ಎರಡೂ ಕಡೆ ನಾನೇ ನಿಲ್ಲುವ ಹಳೆಯ ಪಟ್ಟು ಅದು. ವೇದಿಕೆಯ ಮೇಲೆ ಎಷ್ಟೋ ಜನರನ್ನು ಹೀಗೆ ಕೂರಿಸಿದ್ದೆ. ಮೂರನೆಯ ಬಾಗಿಲೂ ಇತ್ತು. ಒಂದು ಮರಿಯನ್ನು ಮಾತ್ರ ಬಿಡಿಸಿ ನೋಡಬಹುದಿತ್ತು. ಫಲಿತಾಂಶ ಅಷ್ಟು ಸ್ಪಷ್ಟ ಬರುತ್ತಿರಲಿಲ್ಲ, ಅಷ್ಟೇ. ನನಗೆ ಸ್ಪಷ್ಟ ಬೇಕಿತ್ತು. ಆದ್ದರಿಂದ ಆ ಬಾಗಿಲಿನ ಮಾತೆತ್ತಲಿಲ್ಲ. ಆಯಿಯ ಜೊತೆ ಆ ವರ್ಷ ಮಾಡಿದ ಅಷ್ಟೂ ವಾದದಲ್ಲಿ ನಾನು ಗೆದ್ದದ್ದು ಇದೊಂದೇ.

ಮರಿಗಳ ಬಾಟಲಿ ನನ್ನ ಕೆಲಸ ಎಂದು ಹೇಳಿ ಆಯಿಯ ಮನೆಯಲ್ಲೇ ಉಳಿದೆ. ಓಣಿಯಲ್ಲಿ ಒಬ್ಬರ ಮನೆಯಿಂದ ಆಡಿನ ಹಾಲು. ಅದನ್ನು ಮುಂಗೈ ಮೇಲೆ ಹನಿಸಿದರೆ ಬಿಸಿಯೂ ಅನಿಸಬಾರದು, ತಣ್ಣಗೂ ಅನಿಸಬಾರದು. ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪವೇ. ಮೊದಲೆರಡು ದಿನ ಎರಡೂ ಮರಿ ರಬ್ಬರ್ ಮೊಲೆಯನ್ನು ಉಗುಳಿದವು. ಅತ್ತ ದೊಡ್ಡಿಯಲ್ಲಿ ಬಾಸಿಂಗಿ, ಇತ್ತ ಮನೆಯಲ್ಲಿ ಮರಿಗಳು, ಸಂಜೆಯಾದರೆ ಎರಡು ಕಡೆಯಿಂದ ಅರಚಾಟ. ಓಣಿಯ ಹೆಂಗಸರು ನನ್ನನ್ನು ನೋಡಲೆಂದೇ ಬರುತ್ತಿದ್ದರು.

"ಲಗ್ನ ಆಗಿಲ್ಲ, ಎರಡ ಮಕ್ಕಳ ತಾಯಿ ಆಗಿ ಕುಂತಾಳ ನೋಡ್ರಬೇ" ಎಂದು ಆಯಿ ನನ್ನನ್ನು ತೋರಿಸುತ್ತಿದ್ದಳು. ರಬ್ಬರ್ ಮೊಲೆಗೆ ಬೆಲ್ಲ ಸವರಲು ಕಲಿಸಿದ್ದೂ ಅವಳೇ. ಮೂರನೇ ದಿನ ದೊಡ್ಡ ಮರಿ ಹಿಡಿಯಿತು, ನಾಲ್ಕನೇ ದಿನ ಚಿಕ್ಕದು. ಆಮೇಲೆ ನನ್ನ ಹೆಜ್ಜೆ ಸಪ್ಪಳಕ್ಕೇ ಬುಟ್ಟಿ ಅಲ್ಲಾಡುತ್ತಿತ್ತು. ಚಿಕ್ಕದಕ್ಕೆ ನನ್ನ ಓಢಣಿಯ ತುದಿ ಚೀಪುವ ಚಟ. ಇದನ್ನು ಯಾವ ಕಾಲಂನಲ್ಲೂ ಬರೆದಿಲ್ಲ.

ಒಂಬತ್ತನೇ ದಿನ ಲ್ಯಾಬಿಗೆ ಹೋಗಿದ್ದವಳು ಬಸ್ಸು ಸಿಗದೆ ತಡವಾಗಿ ಬಂದೆ. ಮಧ್ಯಾಹ್ನದ ಎರಡು ಸಲದ ಹಾಲು ತಪ್ಪಿತ್ತು. ಆಯಿ ಕುರಿಯ ಜೊತೆ ಏರಿಯ ಮೇಲಿದ್ದಳು. ಹಸಿದಿದ್ದವಲ್ಲ ಎಂದು ಎರಡು ಸಲದ್ದನ್ನೂ ಸೇರಿಸಿ ಒಮ್ಮೆಗೇ ಕುಡಿಸಿದೆ. ದೊಡ್ಡದು ತಡೆದುಕೊಂಡಿತು. ಚಿಕ್ಕದರ ಹೊಟ್ಟೆ ಉಬ್ಬಿತು, ಆಮೇಲೆ ಭೇದಿ. ಕಂಪೌಂಡರ್ ಬಂದು ಮಾಡುವುದನ್ನೆಲ್ಲ ಮಾಡಿದರು. ಮರುದಿನ ಹೊತ್ತೇರುವಷ್ಟರಲ್ಲಿ ಸತ್ತಿತು.

ಆಯಿ ಬೈಯಬಹುದಿತ್ತು, ನಾನು ಕಾಯುತ್ತಲೂ ಇದ್ದೆ. ಆಕೆ ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡು ಹೋಗಿ ಹೊಲದ ಬದುವಿನಲ್ಲಿ ಹೂತು ಬಂದಳು, ಕೈ ತೊಳೆದಳು, ಒಲೆಯ ಮೇಲೆ ಹಾಲಿಟ್ಟಳು. "ಬಾ. ಇನ್ನೊಂದ್ ಅದಲ್ಲ" ಅಂದಳು.

ಮೂರು ವಾರವಾದ ಮೇಲೆ ಮೈಕ್ರೋಸ್ಕೋಪನ್ನು ಆಯಿಯ ಮನೆಗೇ ತಂದೆ. ಶಹಾಪುರಕ್ಕೆ ಒಯ್ದು ಎಣಿಸಿ ಬಂದು ಹೇಳಿದರೆ ಮಗ ನಂಬುವುದಿಲ್ಲ, ನಂಬಲೂ ಬಾರದು. ಬಾಸಿಂಗಿಯ ರಕ್ತ, ಜೊತೆಗೆ ಮೊದಲಿನಿಂದಲೂ ಬತ್ತಿದ್ದ ಆರು ಕುರಿಗಳ ರಕ್ತ. ಕಂಪೌಂಡರ್ ಗಾಜುಗಳಿಗೆ ನಂಬರು ಹಾಕಿ, ಯಾವುದು ಯಾರದು ಎಂದು ನನಗೆ ಹೇಳದೆ ಚೀಟಿಯನ್ನು ಜೇಬಲ್ಲಿಟ್ಟುಕೊಂಡರು. ಹೊಸ್ತಿಲ ಬೆಳಕಿನಲ್ಲಿ ಕೂತು ಏಳನ್ನೂ ಎಣಿಸಿದೆ.

ಚೀಟಿ ತೆಗೆದು ನೋಡಿದರೆ ಆರು ಕುರಿಗಳ ಲೆಕ್ಕ ಹೆಚ್ಚುಕಡಿಮೆ ಮೊದಲಿನಷ್ಟೇ. ಮೂರು ವಾರದ ಮಳೆಯೋ ಬಿಸಿಲೋ ಅವುಗಳಲ್ಲಿ ಏನೂ ಬದಲಿಸಿರಲಿಲ್ಲ. ಬಾಸಿಂಗಿಯ ನೂರರಲ್ಲಿ ಎರಡಿದ್ದದ್ದು ಒಂಬತ್ತು ಆಗಿತ್ತು. ಮೊಟ್ಟೆಗಳು ಗೂಡಿನಲ್ಲಿ ಹುಡುಕಬೇಕಾಗುವಷ್ಟು ಕಡಿಮೆ. ಔಷಧಿಯ ಒಂದು ಹನಿಯನ್ನೂ ಕೊಟ್ಟಿರಲಿಲ್ಲ.

ಆಯಿಯನ್ನು ಕರೆದು ಕೊಳವೆಗೆ ಕಣ್ಣಿಡಿಸಿದೆ. ಬಹಳ ಹೊತ್ತು ನೋಡಿದಳು.

"ಕೆಂಪಗ ಖಾರಬೂಂದಿ ಚೆಲ್ಲಿದಂಗ ಅದ."

"ಅವ ಆಯಿ. ಬಾಸಿಂಗಿವ."

"ನನಗ ಮೊದಲ ಗೊತ್ತಿತ್ತು ಬಿಡು. ಹಾಲ ಬಿಟ್ಟ ಮ್ಯಾಲ ಕಣ್ಣ ಕೆಂಪ ಆಗ್ತಾವ, ವರ್ಷ ವರ್ಷಾ ಆಗ್ತಾವ."

"ಗೊತ್ತಿದ್ರ ಮಾರು ಅಂದಾಗ ಯಾಕ ಸುಮ್ನಿದ್ದಿ?"

"ಮೂರ ಸಲ ನೋಡೀನಿ ಅಂದಿಯಲ್ಲ. ನಾ ಕಣ್ಣ ನೋಡಿದಾಕಿ. ನೀ ರಕ್ತದಾಗ ನೋಡಿದಾಕಿ. ನನಗ ಕಾಣದ್ದ ಏನರ ಕಂಡಿದ್ದೀತು ಅಂದ್ಕೊಂಡೆ."

ಅಷ್ಟು ಹೊತ್ತಿಗೆ ಮಗ ಮೊಬೈಲಿನಲ್ಲಿ ಬಾಸಿಂಗಿಯ ನಂಬರು ಅಳಿಸಿದ್ದ. ಇನ್ನು ಯಾರೂ ಅದರ ಸುದ್ದಿಗೆ ಹೋಗಬಾರದು ಎಂಬಂತೆ ಎದ್ದು ಹೋದ. ಮೇಡಂ ಫೋನಿನಲ್ಲಿ ಬಹಳ ಸಂತೋಷಪಟ್ಟರು. ಒಂದು ಕುರಿಯಿಂದ ಏನೂ ಸಾಬೀತಾಗುವುದಿಲ್ಲ ಎಂದೆ. "ಗೊತ್ತಮ್ಮ, ಆದ್ರೂ ಒಳ್ಳೇ ಕಥೆ" ಅಂದರು. ಫಾರ್ಮಿಗೆ ಹೊಸ ಕಾಲಂ ಬಂತು: ಯಾವ ಯಾವ ಮರಿಗೆ ಹಾಲು ಕೊಡುತ್ತಿದೆ. ಸತ್ತ ಮರಿಯನ್ನು ವರದಿಯಲ್ಲಿ ಒಂದು ಸಾಲು ಬರೆದಿದ್ದೇನೆ. ತರಬೇತಿಗಳಲ್ಲಿ ಆ ಸಾಲು ಬರುವುದಿಲ್ಲ.

ಇದು ಹೋದ ಮಳೆಗಾಲ. ಈ ಮಳೆಗಾಲ ಬಾಸಿಂಗಿ ಮತ್ತೆ ಈದಿದೆ, ಹಣೆಯಲ್ಲಿ ಮಚ್ಚೆ ಇರುವ ಹೆಣ್ಣುಮರಿ. ಈ ಸಲ ಮರಿ ಬದುಕಿದೆ. ಮೊನ್ನೆ ನಾನು ಬೇಕೆಂದೇ ಸಂಜೆ ಹೋದೆ. ಮರಿ ಬಿಟ್ಟರು. ಬಾಸಿಂಗಿಯ ಕೆಳಗೆ ಮೂರು ಬಾಲ. ಒಂದು ಅದರದೇ, ಎರಡು ತಬ್ಬಲಿ. ಕಣ್ಣರೆಪ್ಪೆ ಬಗ್ಗಿಸಿದೆ. ಗುಲಾಬಿ ಅನ್ನಲು ಧೈರ್ಯ ಸಾಲದಷ್ಟು ಬಿಳಿ. ಗದ್ದದ ಕೆಳಗೆ ಕೈಯಿಟ್ಟರೆ ಮೆತ್ತಗೆ.

ನಾವು ತೀರಾ ಬಿಳುಚಿದವಕ್ಕೆಂದು ಎತ್ತಿಟ್ಟಿದ್ದ ಬೇರೆ ಔಷಧಿಯನ್ನು ಕಂಪೌಂಡರ್ ಹತ್ತು ದಿನದ ಹಿಂದೆಯೇ ಕುಡಿಸಿದ್ದರು. ಅದು ಹೊಟ್ಟೆಯಲ್ಲಿದ್ದ ಹುಳವನ್ನು ಕೆಡವುತ್ತದೆ. ನಾಳೆ ಹುಲ್ಲಿನ ಜೊತೆ ಬರುವುದನ್ನು ದಿನವೂ ತಡೆಯಬೇಕಾದದ್ದು ಬಾಸಿಂಗಿಯ ಕಣಗಳೇ. ಮೂರು ಬಾಯಿ ಎಳೆಯುತ್ತಿರುವಾಗ ಅವು ಏಳುವುದಿಲ್ಲ. ಎರಡು ಬಾಯಿಯಾದರೆ ಏಳಬಹುದು, ಹೋದ ವರ್ಷದ ಲೆಕ್ಕದ ಮೇಲೆ ಅದನ್ನೂ ಖಚಿತವಾಗಿ ಹೇಳಲಾರೆ. ಇದನ್ನೆಲ್ಲ ಆಯಿಗೆ ಹೇಳಿದೆ. ಆಯಿ ಬಾಸಿಂಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೂರನೆಯ ಮರಿಯ ಬಾಯಿಗೆ ಮೊಲೆ ಸರಿಮಾಡುತ್ತಿದ್ದಳು. ಅದು ಎಲ್ಲಕ್ಕಿಂತ ಚಿಕ್ಕದು, ಬಾಟಲಿ ಹಿಡಿಯುವಷ್ಟು ಕಸುವೂ ಕಾಣಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಈ ಸಲ ನನ್ನ ಹತ್ತಿರ ವಾದ ಇರಲಿಲ್ಲ.

"ಆಯಿ," ಅಂದೆ, "ಈ ಮೂರರಾಗ ಯಾವುದನ್ನ ಬಿಡಿಸ್ಲಿ?"